ದೂರು ಕೌಂಟರಿನ ಮೂಕಾಭಿನಯ

ನಮ್ಮ ಗುಮಾಸ್ತರನ್ನು ಬೀದಿಯವರೆಲ್ಲ ‘ರೇಡಿಯೋ’ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಕರೆಯುತ್ತಾರೆ ಎಂದು ಬರೆದಿದ್ದರೆ ಬೀದಿಯ ಮರ್ಯಾದೆ ಉಳಿಯುತ್ತಿತ್ತು, ಆದರೆ ಎದುರಿಗೇ ಕರೆಯುತ್ತಾರೆ. ಗುಮಾಸ್ತರಿಗೆ ಅದರಿಂದ ಬೇಸರವೇನೂ ಇಲ್ಲ. ರೇಡಿಯೋ ಎಂದ ಮೇಲೆ ಕೇಳುವವರೂ ಇದ್ದೇ ಇರುತ್ತಾರಲ್ಲ ಎಂಬುದು ಅವರ ಸಮಾಧಾನ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಶುರುವಾದ ಮಾತು ಹನುಮಂತನ ಬಾಲದಂತೆ ಬೆಳೆದು, ತಲೆ ದಿಂಬಿಗೆ ತಾಗಿದ ಮೇಲೂ ಎರಡು ವಾಕ್ಯ ಮುಂದೆ ಹೋಗಿ ನಿಲ್ಲುತ್ತದೆ. ಅವರ ಹೆಂಡತಿ ಇದಕ್ಕೆಲ್ಲ ‘ಹೂಂ’ ಎಂಬ ಒಂದೇ ಉತ್ತರ ಇಟ್ಟುಕೊಂಡಿದ್ದಾರೆ. ಅದನ್ನೇ ಹಿಗ್ಗಿಸಿ ಕುಗ್ಗಿಸಿ ಇಷ್ಟು ವರ್ಷ ಸಂಸಾರ ತೂಗಿಸಿದ್ದಾರೆ.

ಇಷ್ಟೊಂದು ಮಾತು ಬರುವುದಾದರೂ ಎಲ್ಲಿಂದ ಎಂದು ಯಾರೂ ಕೇಳಿರಲಿಲ್ಲ. ಉತ್ತರವಿದ್ದದ್ದು ಅವರ ಕಚೇರಿಯಲ್ಲಿ. ಗುಮಾಸ್ತರು ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುತ್ತಾರೆ. ಹಿಂದೆ ಆ ಕೌಂಟರಿನ ಗಾಜಿಗೆ ಮಾತಾಡಲೆಂದು ಒಂದು ದುಂಡನೆಯ ತೂತಿತ್ತು. ನೀರಿಲ್ಲದೆ ರೇಗಿದ ಗಿರಾಕಿಯೊಬ್ಬ ಆ ತೂತಿನಲ್ಲಿ ಕೈ ಹಾಕಿ ಹಳೆಯ ಗುಮಾಸ್ತನ ಕೊರಳಪಟ್ಟಿ ಹಿಡಿದ ಮೇಲೆ, ತೂತನ್ನು ತೆಗೆಸಿ ಅಖಂಡ ಗಾಜು ಹಾಕಿಸಿದರು. ಕೆಳಗೆ ಕಾಗದ ತೂರಿಸುವಷ್ಟು ಸಂದು, ಮೇಲೆ ಮಾತಿಗೊಂದು ಮೈಕು. ಮೈಕು ಬಂದ ವಾರವೇ ಕೆಟ್ಟಿತು. ಅದು ಕೆಟ್ಟಿದೆ ಎಂದು ಹೊರಗಿನವರು ಎಷ್ಟೋ ಸಲ ದೂರು ಹೇಳಿದರು. ಮೈಕು ಕೆಟ್ಟಿದ್ದರಿಂದ ಒಳಗೆ ಕೇಳಿಸಲಿಲ್ಲ.

ಹೀಗಾಗಿ ಆ ಕೌಂಟರಿನ ವ್ಯವಹಾರವೆಲ್ಲ ಕೈಸನ್ನೆಯಲ್ಲಿ. ತೋರುಬೆರಳಿನಿಂದ ಗಾಳಿಯಲ್ಲಿ ಸೂರ್ಯನನ್ನು ಮುಳುಗಿಸಿ ಮತ್ತೆ ಮೇಲೆತ್ತಿದರೆ ‘ನಾಳೆ ಬನ್ನಿ’. ಸೂರ್ಯ ಗಿರಗಿರನೆ ಸುತ್ತಿದರೆ ‘ಮುಂದಿನ ವಾರ’. ಎರಡೂ ಕೈಯಲ್ಲಿ ಹೊಟ್ಟೆಯ ಮುಂದೆ ದೊಡ್ಡ ಗುಡ್ಡ ಬರೆದು, ಆಮೇಲೆ ಅಂಗೈ ಮೇಲಿನ ಧೂಳನ್ನು ಊದಿದರೆ ‘ಸಾಹೇಬರು ಇಲ್ಲ’. ಅದೇ ಗುಡ್ಡ ಬರೆದು ತಲೆಯನ್ನು ಭುಜಕ್ಕೆ ವಾಲಿಸಿದರೆ ‘ಸಾಹೇಬರು ಇದ್ದಾರೆ, ಆದರೆ ಊಟ ಮುಗಿದಿದೆ’. ಗಿರಾಕಿಗಳೂ ಕಡಿಮೆಯವರಲ್ಲ. ಅದರಲ್ಲೂ ಉಣ್ಣೆ ಟೋಪಿಯ ತಾತ ಒಬ್ಬರಿದ್ದರು. ಅವರ ನಲ್ಲಿಯಲ್ಲಿ ನೀರಿನ ಬದಲು ಗಾಳಿ ಬರುತ್ತಿತ್ತು. ‘ನಾಳೆ’ ಎಂದು ತೋರಿಸಿದ ಕೂಡಲೇ ತಾತ ಗಾಜಿನ ಎದುರಿಗೆ ನೆಲದ ಮೇಲೆ ಗಟ್ಟಿಯಾಗಿ ಪದ್ಮಾಸನ ಹಾಕಿ ಕೂತು, ಎರಡೂ ಕೈ ಎದೆಗೆ ಕಟ್ಟಿ, ಗಲ್ಲ ಮೇಲೆತ್ತುತ್ತಿದ್ದರು. ಆಗುವ ತನಕ ಏಳಲ್ಲ ಎಂದು ಅರ್ಥ. ಈ ಒಂದು ಸನ್ನೆಗೆ ಮಾತ್ರ ಕೌಂಟರಿನ ಹತ್ತಿರ ಉತ್ತರವಿರಲಿಲ್ಲ.

ಹತ್ತರಿಂದ ಐದರ ತನಕ ಬಾಯಿಗೆ ಬೀಗ, ಆಮೇಲೆ ಮನೆಯಲ್ಲಿ ಕಟ್ಟೆ ಒಡೆದ ಹಾಗೆ ಮಾತು. ಲೋಕದ ಸುದ್ದಿಯನ್ನೆಲ್ಲ ಹೇಳುತ್ತಿದ್ದ ಗುಮಾಸ್ತರು ಈ ಗಾಜಿನ ಸುದ್ದಿಯನ್ನು ಮಾತ್ರ ಹೆಂಡತಿಗೆ ಹೇಳಿರಲಿಲ್ಲ. ದಿನವಿಡೀ ಕೈ ಆಡಿಸುತ್ತೇನೆ ಎಂದು ಹೇಳಿಕೊಳ್ಳುವುದರಲ್ಲಿ ಏನು ದೊಡ್ಡಸ್ತಿಕೆ? ಅವರ ಮಾತಿನಲ್ಲಿ ಆ ಕಚೇರಿ ನಡೆಯುತ್ತಿದ್ದದ್ದೇ ಅವರ ಬಾಯಿಂದ.

ಎಡವಟ್ಟು ಶುರುವಾದದ್ದು ನಾದಿನಿಯ ಮನೆಯ ಊಟದಲ್ಲಿ. ನಾದಿನಿಯ ಗಂಡ, ಅಂದರೆ ಗುಮಾಸ್ತರ ಷಡ್ಡಕ, ಔಷಧ ಕಂಪನಿಯ ಮ್ಯಾನೇಜರು ಮತ್ತು ಬಡಾವಣೆಯ ಕಲಾ ಸಂಘದ ಕಾರ್ಯದರ್ಶಿ. ಆ ಮನೆಗೆ ಹೋದಾಗಲೆಲ್ಲ ನಾದಿನಿ ಅಕ್ಕನಿಗೆ ಏನಾದರೊಂದು ತೋರಿಸುವಳು. ಹೊಸ ಪರದೆ, ಗಂಡನಿಗೆ ಹಾಕಿದ ಹಾರ, ಹಾರ ಹಾಕಿದವರ ಫೋಟೋ. ಅಕ್ಕನ ಹತ್ತಿರ ತಿರುಗಿ ತೋರಿಸಲು ಗಂಡನೊಬ್ಬನೇ ಇದ್ದದ್ದು, ಅವನನ್ನು ತೋರಿಸುವ ಅಗತ್ಯವಿರಲಿಲ್ಲ, ಬೀದಿಯ ತುದಿಯಿಂದಲೇ ಕೇಳಿಸುತ್ತಿದ್ದ.

“ಈ ಸಲ ವಾರ್ಷಿಕೋತ್ಸವಕ್ಕೆ ಮೈಮ್ ಕಲಾವಿದರನ್ನ ಕರೆಸ್ತಿದ್ದೀವಿ ಭಾವ,” ಎಂದ ಷಡ್ಡಕ ಕೈ ತೊಳೆಯುತ್ತ. “ಅದು ಎಲ್ಲರಿಗೂ ಅರ್ಥ ಆಗೋ ಕಲೆ ಅಲ್ಲ ಬಿಡಿ. ನಿಮ್ಮಂಥ ಮಾತುಗಾರರಿಗೆ ಐದು ನಿಮಿಷ ಕೂರೋಕೂ ಆಗಲ್ಲ.”

ಇಲ್ಲಿ ಗುಮಾಸ್ತರು ನಕ್ಕು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಾತು ಮನೆ ಕೆಡಿಸಿತು ಎನ್ನುವ ಗಾದೆಯನ್ನು ಅವರೇ ದಿನಕ್ಕೆರಡು ಸಲ ಹೇಳುತ್ತಿದ್ದರು, ಆದರೆ ಹೇಳುವವನಿಗೆ ಗಾದೆ ತಾಗುವುದಿಲ್ಲ.

“ಮೂಕಾಭಿನಯಾನಾ?” ಎಂದರು ಅವರು. “ಕಾಲೇಜಲ್ಲಿ ನಾನು ಮಾಡ್ತಿದ್ದದ್ದೇ ಅದು ಕಣ್ರೀ. ಜನ ಎದ್ದು ನಿಂತು ನೋಡ್ತಿದ್ರು. ಸಂಸಾರಕ್ಕೆ ಬಿದ್ದ ಮೇಲೆ ಎಲ್ಲಾ ಬಿಟ್ಟುಬಿಟ್ಟೆ.”

ಕಾಲೇಜಿನಲ್ಲಿ ಗುಮಾಸ್ತರು ಒಂದೇ ಒಂದು ನಾಟಕದಲ್ಲಿ ಪಾತ್ರ ಮಾಡಿದ್ದರು. ಹೆಣದ ಪಾತ್ರ. ಮಾತಿರಲಿಲ್ಲ ಎನ್ನುವುದು ನಿಜ. ನಾಯಕಿ ಅಳುವಾಗ ಹೆಣ ಸೀನಿದ್ದರಿಂದ ಜನ ಎದ್ದು ನಿಂತು ನೋಡಿದ್ದೂ ನಿಜವೇ.

ಷಡ್ಡಕ ಹುಬ್ಬೇರಿಸಿದ. ನಾದಿನಿ ಅಕ್ಕನ ಮುಖ ನೋಡಿದಳು. ಆಗ ಗುಮಾಸ್ತರ ಹೆಂಡತಿ, ತಟ್ಟೆ ಎತ್ತುತ್ತಿದ್ದವರು, ತಲೆ ನಿಗುರಿಸಿ ಹೇಳಿದರು: “ಹೌದು. ಅವರಿಗೆ ಹೇಳಿಕೊಂಡು ತಿರುಗೋ ಅಭ್ಯಾಸ ಇಲ್ಲ ಅಷ್ಟೆ.”

ರೇಡಿಯೋ ಬಗ್ಗೆ ಹೀಗೆಂದರೂ ಯಾರೂ ನಗಲಿಲ್ಲ, ಅಷ್ಟು ಗಟ್ಟಿಯಾಗಿ ಹೇಳಿದ್ದರು. ಮನೆಗೆ ಬರುವ ದಾರಿಯಲ್ಲೂ ಅವರ ತಲೆ ಹಾಗೇ ನೆಟ್ಟಗಿತ್ತು. ತಂಗಿಯ ಮುಂದೆ ತನಗೂ ಒಂದು ತೋರಿಸುವ ವಸ್ತು ಸಿಕ್ಕಿತೆಂಬ ಸಂತೋಷ ಅವರ ನಡಿಗೆಯಲ್ಲೇ ಕಾಣುತ್ತಿತ್ತು. ಅದನ್ನು ನೋಡಿ ಗುಮಾಸ್ತರಿಗೆ ಎದೆ ತುಂಬಿ ಬಂತು, ಹಿಂದೆಯೇ ಆ ಹೆಣದ ನೆನಪೂ ಬಂತು.

ವಾರ ಕಳೆಯುವುದರಲ್ಲಿ ಷಡ್ಡಕ ಬಾಗಿಲಿಗೆ ಬಂದ. ಕರೆಸಬೇಕಿದ್ದ ಕಲಾವಿದರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು. “ಹಾಲ್ ಬುಕ್ ಆಗಿದೆ, ಕರಪತ್ರ ಹಂಚಿಯಾಗಿದೆ. ಇನ್ನು ನೀವೇ ಗತಿ ಭಾವ. ಅರ್ಧ ಗಂಟೆ ಸಾಕು,” ಎಂದ. ಅವನ ಮೀಸೆಯ ಕೆಳಗೆ ಗತಿಯಿಲ್ಲದವನ ಮುಖಕ್ಕೆ ಒಪ್ಪದ ಒಂದು ಸಣ್ಣ ನಗುವಿತ್ತು.

ಸೊಂಟ ನೋವು ಎನ್ನಲೋ, ಸಾಹೇಬರು ರಜೆ ಕೊಡುವುದಿಲ್ಲ ಎನ್ನಲೋ ಎಂದು ಗುಮಾಸ್ತರು ಆರಿಸುತ್ತಿದ್ದಾಗಲೇ ಅಡುಗೆಮನೆಯಿಂದ ಉತ್ತರ ಬಂತು.

“ಮಾಡ್ತಾರೆ!”

ಷಡ್ಡಕ ಹೋದ ಮೇಲೆ ಗುಮಾಸ್ತರು ಬಾಯಿ ತೆರೆದರು. ಹೆಂಡತಿ ಒಳಗಿಂದ ಬಂದು ಅವರ ಎದುರಿಗೆ ನಿಂತರು. “ನೋಡಿ, ಇಷ್ಟು ವರ್ಷ ಅವಳು ತೋರಿಸಿದ್ದನ್ನೆಲ್ಲ ನೋಡಿ ಬಂದಿದ್ದೀನಿ. ಒಂದೇ ಒಂದು ಸಲ ನಾನೂ ತೋರಿಸ್ತೀನಿ,” ಎಂದರು. ಆ ಕಣ್ಣುಗಳನ್ನು ನೋಡಿದ ಮೇಲೆ ಹೆಣದ ಕಥೆ ಹೇಳಲು ಗುಮಾಸ್ತರಿಗೆ ಬಾಯಿ ಬರಲಿಲ್ಲ.

ಮರುದಿನ ಅವರು ಗ್ರಂಥಾಲಯದಿಂದ ಮೂಕಾಭಿನಯದ ಮೇಲೊಂದು ದಪ್ಪ ಪುಸ್ತಕ ತಂದರು. ಈ ಕಲೆ ಸಾವಿರಾರು ವರ್ಷ ಹಳೆಯದೆಂದು ಓದಿ ಅವರಿಗೆ ಗೌರವ ಹುಟ್ಟಿತು. ರೋಮಿನಲ್ಲಿ ಬಾಯಿ ಮುಚ್ಚಿದ ಮುಖವಾಡ ಹಾಕಿಕೊಂಡು ಒಬ್ಬನೇ ನಟ ರಾಜನೂ ರಾಣಿಯೂ ಆಗುತ್ತಿದ್ದನೆಂದು ಓದಿ ಭಯ ಹುಟ್ಟಿತು. ಆದರೆ ಮುಂದಿನ ಅಧ್ಯಾಯದಲ್ಲಿ ಅವರಿಗೆ ಭಾರೀ ಖುಷಿಯಾಯಿತು. ಫ್ರಾನ್ಸಿನ ಜಾತ್ರೆಗಳಲ್ಲಿ ನಾಟಕ ಆಡುವ ಬಡ ನಟರು ರಂಗದ ಮೇಲೆ ಬಾಯಿ ಬಿಡಬಾರದೆಂದು ಒಂದು ಕಾಲದಲ್ಲಿ ಆಜ್ಞೆಯಾಗಿತ್ತಂತೆ. ನಟರು ಸರಿ ಎಂದು ಬಾಯಿ ಮುಚ್ಚಿ, ಮೈಯಲ್ಲೇ ಎಲ್ಲವನ್ನೂ ಆಡಿ ತೋರಿಸಿದರಂತೆ.

“ಕೇಳಿಲ್ಲಿ! ಇದು ಸರ್ಕಾರಿ ಆದೇಶದಿಂದ ಬೆಳೆದ ಕಲೆ ಕಣೇ!” ಎಂದು ಅವರು ಕೂಗಿದರು. ಆದೇಶ ಎಂದ ಮೇಲೆ ಅದು ನಮ್ಮ ಇಲಾಖೆಗೇ ಸೇರಿದ್ದು ಎಂಬ ಧೈರ್ಯ ಅವರಿಗೆ ಬಂದಿತ್ತು.

ಕೊನೆಯ ಅಧ್ಯಾಯದಲ್ಲಿ ಮೂರು ಪಾಠಗಳಿದ್ದವು: ಇಲ್ಲದ ಹಗ್ಗ ಎಳೆಯುವುದು, ಇಲ್ಲದ ಗಾಳಿಗೆ ಎದುರಾಗಿ ನಡೆಯುವುದು, ಇಲ್ಲದ ಗೋಡೆಯನ್ನು ಮುಟ್ಟುವುದು. ಅಭ್ಯಾಸದ ದಿನಗಳಲ್ಲಿ ಕಲಾವಿದ ಮಾತನ್ನು ಮರೆಯಬೇಕು ಎಂದೂ ಇತ್ತು. ಆ ಸಾಲನ್ನು ಹೆಂಡತಿ ಎರಡು ಸಲ ಓದಿಸಿ ಕೇಳಿದರು.

“ಹಾಗಾದ್ರೆ ಇವತ್ತಿಂದ ಮೌನ. ಪ್ರದರ್ಶನ ಮುಗಿಯೋ ತನಕ ಮನೇಲಿ ಒಂದು ಮಾತಾಡಿದ್ರೂ ನೋಡಿ!” ಎಂದರು. ಅಂದು ಸಂಜೆ ಆ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ಮದುವೆಯಲ್ಲಿ ಬಂದ ಗಡಿಯಾರ ಅದು, ಸದ್ದು ಮಾಡುತ್ತದೆಂದು ಹೆಂಡತಿಗೆ ಅಂದೇ ಗೊತ್ತಾದದ್ದು.

ಭಾನುವಾರ ಹೆಂಡತಿ ತರಕಾರಿಗೆ ಹೋಗಿದ್ದಾಗ ಗುಮಾಸ್ತರು ನಡುಮನೆಯಲ್ಲಿ ಗೋಡೆಯ ಪಾಠಕ್ಕೆ ನಿಂತರು. ಎದುರುಮನೆಯಲ್ಲಿ ನಿವೃತ್ತ ನರ್ಸಮ್ಮ ಕಿಟಕಿ ಒರೆಸುತ್ತಿದ್ದರು. ಅವರು ಕಂಡದ್ದಿಷ್ಟು: ರೇಡಿಯೋ ಬನಿಯನ್ನಿನಲ್ಲಿ ನಿಂತು ಗಾಳಿಯನ್ನು ತಡವುತ್ತಿದೆ, ಬಾಯಿ ವಾರೆಯಾಗಿದೆ, ಸದ್ದೇ ಇಲ್ಲ. ಮೊದಲ ಎರಡಕ್ಕೆ ನರ್ಸಮ್ಮ ಗಾಬರಿಯಾಗಲಿಲ್ಲ. ಮೂರನೆಯದಕ್ಕೆ ಬಟ್ಟೆ ಬಿಸಾಡಿ ಓಡಿ ಬಂದರು.

“ಏನಪ್ಪಾ, ಏನಾಗ್ತಿದೆ? ಎದೆ ನೋವಾ? ಮಾತಾಡು!”

ಗುಮಾಸ್ತರು ಮಾತಾಡುವಂತಿಲ್ಲ. ನನಗೇನೂ ಆಗಿಲ್ಲ, ಇದು ಕಲೆ ಎಂದು ಸನ್ನೆಯಲ್ಲಿ ತಿಳಿಸಲು ಎದೆ ಮುಟ್ಟಿಕೊಂಡರು, ಆಕಾಶ ತೋರಿಸಿದರು, ಎರಡೂ ಕೈಯನ್ನು ರೆಕ್ಕೆಯಂತೆ ಬೀಸಿದರು.

“ಅಯ್ಯೋ, ಎದೆಯಿಂದ ಪ್ರಾಣ ಹಾರಿ ಹೋಗ್ತಿದೆ ಅಂತಾರಲ್ಲ!” ಎಂದು ನರ್ಸಮ್ಮ ಬಾಗಿಲಿಗೆ ಬಂದು ಬೀದಿಗೆ ಕೂಗಿ ಹೇಳಿದರು. “ಬಾಯಿ ಬಿದ್ದುಹೋಗಿದೆ! ಯಾರಾದ್ರೂ ಬನ್ರಪ್ಪಾ!”

ಬೀದಿ ಬಂತು. ರೇಡಿಯೋ ನಿಂತುಹೋಯಿತು ಎಂಬ ಸುದ್ದಿಗೆ ಯಾರು ಬಾರದೆ ಇದ್ದಾರು? ಇಸ್ತ್ರಿ ಅಂಗಡಿಯವನು ಕಾದ ಪೆಟ್ಟಿಗೆಯನ್ನು ಹಿಡಿದೇ ಬಂದ. ಗುಮಾಸ್ತರನ್ನು ಎತ್ತಿ ಮಂಚಕ್ಕೆ ಹಾಕಿದರು. ಪಕ್ಕದ ಮನೆಯ ವಕೀಲರು ಅದರ ಬಳಿ ನಿಂತು, “ತುಂಬಾ ಮಾತಾಡ್ತಿದ್ರು, ಪಾಪ. ಹಣೇಲಿ ಎಷ್ಟು ಬರೆದಿರುತ್ತೋ ಅಷ್ಟೇ ಮಾತು. ಇವರದು ಮುಗೀತು,” ಎಂದು ತೀರ್ಪು ಕೊಟ್ಟರು. ಎದ್ದು ಓಡಾಡಲು ನೋಡಿದ ಗುಮಾಸ್ತರನ್ನು ನಾಲ್ವರು ಹಿಡಿದು ಮಲಗಿಸಿದರು. ನಾಲಿಗೆ ಚಾಚು ಎಂದರೆ ಚಾಚಿದರು, ಕೈಯೆತ್ತು ಎಂದರೆ ಎತ್ತಿದರು, ನಗು ಎಂದರೆ ನಗಲು ಹೋಗಿ ಅಳುಮೋರೆಯಾಯಿತು. ನರ್ಸಮ್ಮ ಮನೆಗೆ ಹೋಗಿ ತಮ್ಮ ಹಳೆಯ ಪೆಟ್ಟಿಗೆ ತಂದು ಸೂಜಿ ಹೊರತೆಗೆದರು. ಕುದುರೆಗೂ ಸಾಲುವಷ್ಟು ಉದ್ದದ ಸೂಜಿ.

“ಅಯ್ಯಯ್ಯೋ ಬೇಡ! ನಾನು ಚೆನ್ನಾಗಿದ್ದೀನಿ! ಅಭ್ಯಾಸ ಮಾಡ್ತಿದ್ದೆ ಕಣಮ್ಮಾ, ಅಭ್ಯಾಸ!”

ಹಿಡಿದಿದ್ದ ನಾಲ್ವರೂ ಕೈ ಬಿಟ್ಟರು. ನರ್ಸಮ್ಮ ಸೂಜಿಯನ್ನು ಎತ್ತಿ ಹಿಡಿದು ಎಲ್ಲರ ಕಡೆ ತಿರುಗಿದರು. “ನೋಡಿದ್ರಾ? ಚುಚ್ಚಿದ್ದೂ ಇಲ್ಲ, ತೋರಿಸಿದ್ದಕ್ಕೇ ಮಾತು ಬಂತು.”

ಅಷ್ಟರಲ್ಲಿ ಹೆಂಡತಿ ತರಕಾರಿ ಚೀಲದೊಂದಿಗೆ ಬಂದರು. ಜನರನ್ನು ಕಂಡು ಬಾಗಿಲಲ್ಲೇ ಬಿಳಿಚಿಕೊಂಡರು, ಗಂಡನ ಧ್ವನಿ ಕೇಳಿ ಚೇತರಿಸಿಕೊಂಡರು, ಮಾತಾಡಿದ್ದಕ್ಕೆ ಕಣ್ಣು ಕೆಂಪು ಮಾಡಿದರು. ಆಮೇಲೆ ಜನಕ್ಕೆಲ್ಲ ವಿಷಯ ತಿಳಿಸಿ, “ಎಲ್ಲರೂ ನೋಡೋಕೆ ಬನ್ನಿ,” ಎಂದು ಆಹ್ವಾನ ಕೊಟ್ಟರು. ಹತ್ತು ಜನರ ಮುಂದೆ ಹೋಗಬಹುದಾಗಿದ್ದ ಮಾನವನ್ನು ಇಡೀ ಬೀದಿಯ ಮುಂದೆ ಕಳೆಯುವ ಏರ್ಪಾಡು ಹೀಗೆ ಪೂರ್ತಿಯಾಯಿತು.

ಪ್ರದರ್ಶನದ ಸಂಜೆ ಹಾಲ್ ತುಂಬಿತ್ತು. ಬೀದಿಯೆಲ್ಲ ಬಂದಿತ್ತು, ಉಣ್ಣೆ ಟೋಪಿಯ ತಾತನೂ ಬಂದಿದ್ದರು. ಮುಂದಿನ ಸಾಲಿನಲ್ಲಿ ಷಡ್ಡಕ, ಅವನ ಪಕ್ಕದಲ್ಲಿ ಮುಖ್ಯ ಅತಿಥಿಗಳಾಗಿ ನೀರು ಸರಬರಾಜು ಕಚೇರಿಯ ಸಾಹೇಬರು. ಗುಮಾಸ್ತರು ಪರದೆಯ ಸಂದಿನಿಂದ ಅವರನ್ನು ನೋಡಿ, ಸಂದನ್ನು ತಟಕ್ಕನೆ ಮುಚ್ಚಿದರು. ಹೆಂಡತಿ ಎಣ್ಣೆಯಲ್ಲಿ ಪೌಡರ್ ಕಲಸಿ ಅವರ ಮುಖಕ್ಕೆ ಬಳಿಯುತ್ತಿದ್ದರು.

“ಕಾಲೇಜಲ್ಲಿ ಮಾಡ್ತಿದ್ದ ಹಾಗೇ ಮಾಡಿ,” ಎಂದರು ಮೆಲ್ಲಗೆ.

ಪರದೆ ಎದ್ದಿತು. ಗುಮಾಸ್ತರು ಹಗ್ಗ ಎಳೆದರು.

“ನೀರು ಸೇದ್ತಿದ್ದಾರೆ,” ಎಂದ ಇಸ್ತ್ರಿ ಅಂಗಡಿಯವನು.

“ನೀರಿನ ಕಚೇರಿಯವರು ಬಾವಿಗೆ ಯಾಕೆ ಹೋಗ್ತಾರೆ? ಅದು ಎಮ್ಮೆ. ಬರಲ್ಲ ಅಂತ ಹಟ ಮಾಡ್ತಿದೆ,” ಎಂದರು ವಕೀಲರು.

ಗುಮಾಸ್ತರು ಹಗ್ಗ ಬಿಟ್ಟು ಗಾಳಿಗೆದುರಾಗಿ ಬಾಗಿ ನಡೆದರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದೆಂದರೇನು ಎಂದು ಅವರಿಗೆ ಅಂದು ತಿಳಿಯಿತು. “ಹೊಟ್ಟೆ ಹಿಡ್ಕೊಂಡಿದೆ, ವಾಂತಿ ಆಗುತ್ತೆ ಈಗ,” ಎಂದು ನರ್ಸಮ್ಮ ಕೈಚೀಲಕ್ಕೆ ಕೈ ಹಾಕಿದರು. ಹಿಂದಿನ ಸಾಲಿನಿಂದ ಯಾರೋ ಆಕಳಿಸಿದ್ದು ರಂಗಕ್ಕೆ ಕೇಳಿಸಿತು. ಷಡ್ಡಕ ಕಾಲ ಮೇಲೆ ಕಾಲು ಹಾಕಿಕೊಂಡು ಮುಗುಳ್ನಗುತ್ತಿದ್ದ. ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಪಕ್ಕದಲ್ಲಿ ಬಂದು ಕೂತಿದ್ದ ಹೆಂಡತಿ ತಲೆ ತಗ್ಗಿಸಿ ತಮ್ಮ ಬಳೆಯನ್ನು ತಿರುಗಿಸುತ್ತಿದ್ದರು.

ಗುಮಾಸ್ತರು ಅದನ್ನು ನೋಡಿದರು. ಆ ತಗ್ಗಿದ ತಲೆ ಕಂಡು ಅವರಿಗೆ ಪುಸ್ತಕವೆಲ್ಲ ಮರೆತುಹೋಯಿತು, ಸಂಕಟವೊಂದೇ ಉಳಿಯಿತು. ಏನು ಮಾಡಲೂ ತೋಚದೆ ಎರಡೂ ಅಂಗೈಯನ್ನು ಎದುರಿಗೆ ಇಟ್ಟು, ಇಲ್ಲದ ಗೋಡೆಗೆ ಒರಗಿ ನಿಂತುಬಿಟ್ಟರು. ನಿಂತಲ್ಲಿಂದ ಹಾಲಿನ ಕಡೆ ನೋಡಿದರೆ ಅಲ್ಲಿ ಕಂಡದ್ದು ದಿನವೂ ಕಾಣುವ ನೋಟ. ಈಚೆ ತಾವು, ಆಚೆ ಜನ, ನಡುವೆ ಗಾಜು. ಜನರೆಲ್ಲ ಕಾಯುತ್ತಿದ್ದಾರೆ. ಮೂರನೆಯ ಸಾಲಿನಲ್ಲಿ ಉಣ್ಣೆ ಟೋಪಿಯ ತಾತನಿಗೂ ಹಾಗೇ ಕಂಡಿತೋ ಏನೋ, ಅಭ್ಯಾಸಬಲದಿಂದ ಕೈ ಎತ್ತಿ ನಲ್ಲಿ ತಿರುಗಿಸಿ, ತುಟಿಯಲ್ಲಿ ಉಫ್ ಎಂದು ಗಾಳಿ ಊದಿದರು.

ಗುಮಾಸ್ತರ ಬಲಗೈ ತಾನಾಗಿ ಮೇಲೆದ್ದಿತು. ತೋರುಬೆರಳು ಸೂರ್ಯನನ್ನು ನಿಧಾನವಾಗಿ ಮುಳುಗಿಸಿ, ಮತ್ತೆ ಆಚೆ ಬದಿಯಿಂದ ಮೇಲೆತ್ತಿತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನೂರು ಗಂಟಲು ಒಟ್ಟಿಗೆ ಕೂಗಿದವು: “ನಾಳೆ ಬನ್ನಿ!”

ನಗು ಚಾವಣಿಗೆ ತಾಗಿತು. ತಾತ ಎದ್ದು ಸಾಲುಗಳ ನಡುವೆ ನೆಲದ ಮೇಲೆ ಪದ್ಮಾಸನ ಹಾಕಿ, ಕೈ ಕಟ್ಟಿ, ಗಲ್ಲ ಮೇಲೆತ್ತಿದ್ದನ್ನು ಎಲ್ಲರ ಜೊತೆ ಹೆಂಡತಿಯೂ ತಿರುಗಿ ನೋಡಿದರು. ಆ ಊರಿನಲ್ಲಿ ನಲ್ಲಿ ಇದ್ದವರೆಲ್ಲ ಒಂದಲ್ಲ ಒಂದು ದಿನ ಆ ಗಾಜಿನ ಮುಂದೆ ನಿಂತವರೇ. ಗುಮಾಸ್ತರಿಗೆ ಮೈಯಲ್ಲಿ ಜೀವ ಬಂತು. ಅವರು ಇಲ್ಲದ ಕುರ್ಚಿಯಲ್ಲಿ ಕೂತರು, ಬರೆಯದ ಪೆನ್ನನ್ನು ಕೊಡವಿದರು, ಮುದ್ರೆ ಒತ್ತಲು ಹೋಗಿ ಹೆಬ್ಬೆರಳಿಗೆ ಒತ್ತಿಕೊಂಡರು. ತಲೆಕೆಳಗಾಗಿ ಬಂದ ಅರ್ಜಿಯನ್ನು ತಿರುಗಿಸುವ ಬದಲು ತಾವೇ ಬಗ್ಗಿ ತಲೆಕೆಳಗಾಗಿ ಓದಿದರು. ಸೂರ್ಯನನ್ನು ಗಿರಗಿರನೆ ಸುತ್ತಿಸಿ, ಸುತ್ತಿದ ಕೈ ನಿಲ್ಲದೆ ತಾವೇ ಒಂದು ಸುತ್ತು ತಿರುಗಿದರು. “ಮುಂದಿನ ವಾರ!” ಎಂದು ಜನ ಅರ್ಥ ಹೇಳಿದರು. ವಕೀಲರು ಪಕ್ಕದವನ ಬೆನ್ನಿಗೆ ಬಡಿದು ನಗುತ್ತಿದ್ದರು. ನಾದಿನಿ ಸೆರಗು ತೆಗೆದು ಬಾಯ್ತುಂಬ ನಗುತ್ತಿದ್ದಳು, ಈಗಿನ ನಗು ಬೇರೆಯದು.

ಹುರುಪಿನಲ್ಲಿ ಗುಮಾಸ್ತರ ಎರಡೂ ಕೈ ಹೊಟ್ಟೆಯ ಮುಂದೆ ಗುಡ್ಡ ಬರೆದವು. ತಲೆ ಭುಜಕ್ಕೆ ವಾಲಿತು. ಕೆನ್ನೆ ಉಬ್ಬಿ ಗೊರಕೆ ಹೊರಟಿತು.

ಆಗ ಅವರಿಗೆ ನೆನಪಾಯಿತು. ಒಂದೇ ಕಣ್ಣು ತೆರೆದು ಮುಂದಿನ ಸಾಲಿಗೆ ನೋಡಿದರು. ಹಾಲಿನಲ್ಲಿದ್ದ ಅಷ್ಟೂ ಕಣ್ಣುಗಳು ಅವರಿಗಿಂತ ಮುಂಚೆ ಅಲ್ಲಿಗೆ ಹೋಗಿದ್ದವು. ಸಾಹೇಬರು ಮಾತ್ರ ಹೊಟ್ಟೆ ಕುಣಿಸಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ನಗುತ್ತಲೇ ಷಡ್ಡಕನ ಕಡೆ ಬಾಗಿ ಕೇಳಿದರು:

“ಬಹಳ ಚೆನ್ನಾಗಿದೆ! ಆ ಹೊಟ್ಟೆಯವನು ಯಾರ್ರೀ?”

ಮಾತಿನ ಮಲ್ಲ ಷಡ್ಡಕ ಬಾಯಿ ತೆರೆದ, ಮುಚ್ಚಿದ. ಬೆವರು ಒರೆಸಿಕೊಂಡ. ಕೊನೆಗೆ ಎರಡೂ ಭುಜ ಎತ್ತಿ, ಅಂಗೈ ಬಿಚ್ಚಿ, ಹುಬ್ಬು ಮೇಲೇರಿಸಿ ತೋರಿಸಿದ. ಅಂದಿನ ಎರಡನೆಯ ಮೂಕಾಭಿನಯ ಅದು, ಮೊದಲಿನದಕ್ಕೇನೂ ಕಡಿಮೆಯಿರಲಿಲ್ಲ.

ಪರದೆ ಬಿದ್ದ ಮೇಲೆ ಜನ ಗುಮಾಸ್ತರನ್ನು ಮುತ್ತಿದರು. ನಾದಿನಿ ಅಕ್ಕನ ತೋಳು ಹಿಡಿದು ಕೇಳಿದಳು, “ಭಾವ ಇದನ್ನೆಲ್ಲ ಎಷ್ಟು ವರ್ಷ ಕಲಿತ್ರು ಅಕ್ಕಾ?”

ಹೆಂಡತಿ ಗಂಡನ ಕಡೆ ನೋಡುತ್ತಿದ್ದರು. ತಲೆ ಮೇಲೆದ್ದಿತ್ತು, ಕಣ್ಣು ಮಾತ್ರ ತೇವವಾಗಿತ್ತು. “ಇನ್ನೂ ಕಲೀತಿದ್ದಾರೆ,” ಎಂದರು. “ದಿನಾ ಹತ್ತರಿಂದ ಐದು.”

ಹೊಟ್ಟೆಯವನು ಯಾರೆಂದು ಸಾಹೇಬರಿಗೆ ಮನೆಗೆ ಹೋದ ಮೇಲೆ, ಜೊತೆಗೆ ಬಂದು ನೋಡಿದ್ದ ಅವರ ಶ್ರೀಮತಿಯವರು ತಿಳಿಸಿದರಂತೆ. ಮರುದಿನ ಕಚೇರಿ ತೆರೆಯುವ ಮುಂಚೆಯೇ ಮೈಕು ರಿಪೇರಿಯಾಗಿತ್ತು. ಇಷ್ಟು ವರ್ಷ ಯಾವ ಅರ್ಜಿಗೂ ಅಲ್ಲಾಡದಿದ್ದ ಕೆಲಸ ಒಂದು ಗೊರಕೆಗೆ ಆಯಿತು. ಗುಮಾಸ್ತರು ಗಂಟಲು ಸರಿಮಾಡಿಕೊಂಡು, “ಏನಾಗಬೇಕಿತ್ತು?” ಎಂದು ಮೊದಲ ಸಲ ಗಾಜಿನಾಚೆಗೆ ಮಾತಾಡಿದರು. ಸರತಿಯ ತಲೆಯಲ್ಲಿದ್ದ ಉಣ್ಣೆ ಟೋಪಿಯ ತಾತ ಬೆಚ್ಚಿಬಿದ್ದರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ಬೇಡ ಎಂದು ತಲೆಯಾಡಿಸಿ, ಮೈಕಿನ ಕಡೆ ಬೆರಳು ತೋರಿಸಿ ಕತ್ತರಿಸಿಬಿಡು ಎಂಬಂತೆ ಎರಡು ಬೆರಳಾಡಿಸಿದರು. ಹಿಂದಿದ್ದವರೆಲ್ಲ ಹೌದು ಹೌದು ಎಂದು ಕೈಯೆತ್ತಿದರು. ಗುಮಾಸ್ತರು ಮೈಕು ಆರಿಸಿದರು. ಅಂದು ತಾತನ ನಲ್ಲಿಯ ಕಾಗದಕ್ಕೆ ಸಾಹೇಬರು ನಿದ್ದೆಗೆ ಮುಂಚೆಯೇ ಸಹಿ ಹಾಕಿದರು.

ಸಂಜೆ ಮನೆಯಲ್ಲಿ ಗುಮಾಸ್ತರು ಚಪ್ಪಲಿ ಬಿಡುವಾಗ ಹೆಂಡತಿ ಬಾಗಿಲಲ್ಲೇ ಇದ್ದರು.

“ರೀ, ಅಲ್ಲಿ ದಿನವೆಲ್ಲಾ ಹಾಗೇ ಇರ್ತೀರಾ? ಒಂದೂ ಮಾತಿಲ್ಲದೆ?”

ಗುಮಾಸ್ತರು ತಲೆಯಾಡಿಸಿದರು.

ಹೆಂಡತಿಗೆ ಎಷ್ಟು ಸಂಜೆಗಳ ‘ಹೂಂ’ಗಳು ನೆನಪಾದವೋ, ಒಳಗೆ ಹೋಗಿ ಒಲೆ ಆರಿಸಿ ಬಂದರು. “ಹೇಳಿ. ಇವತ್ತು ಏನೇನಾಯ್ತು? ಮೊದಲಿಂದ ಹೇಳಿ. ಕೇಳ್ತೀನಿ.”

ಹೀಗೆ ಕೇಳಿದ್ದು ಇದೇ ಮೊದಲು. ಗುಮಾಸ್ತರು ಬಾಯಿ ತೆರೆದರು. ಮಾತಿಗೆ ಮುಂಚೆ ಕೈ ಮೆಲ್ಲಗೆ ಮೇಲೆದ್ದು ಸೂರ್ಯನನ್ನು ಮುಳುಗಿಸಿ ಎತ್ತಿತು.

ಹೆಂಡತಿ ಅದನ್ನು ನೋಡಿದರು. ಸೀರೆ ಸರಿಮಾಡಿಕೊಂಡು ನಡುಮನೆಯ ನೆಲದ ಮೇಲೆ ಗಟ್ಟಿಯಾಗಿ ಪದ್ಮಾಸನ ಹಾಕಿ ಕೂತು, ಎರಡೂ ಕೈ ಎದೆಗೆ ಕಟ್ಟಿ, ಗಲ್ಲ ಮೇಲೆತ್ತಿದರು.

ಈ ಸನ್ನೆಗೆ ಯಾವ ಕೌಂಟರಿನಲ್ಲೂ ಉತ್ತರವಿಲ್ಲವೆಂದು ಗುಮಾಸ್ತರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಎದುರಿಗೆ ಕೂತು ಶುರುಮಾಡಿದರು: “ಏನಾಯ್ತಪ್ಪಾ ಅಂದ್ರೆ, ಬೆಳಿಗ್ಗೆ ಹೋಗ್ತೀನಿ, ಮೈಕು ರಿಪೇರಿ ಆಗಿಬಿಟ್ಟಿದೆ ಕಣೇ…”